ಸಾಲು ಮುರಿಯಲಿ, ಅಕ್ಷರ ಮುರಿಯದಿರಲಿ

ಬರೆಯುವ ಹಾಳೆಗೆ ಅಂಚು ಇರುವವರೆಗೆ ಸಾಲನ್ನು ಎಲ್ಲಿಯಾದರೊಂದು ಕಡೆ ಮುರಿಯಲೇಬೇಕು. ಶಿಲೆಯಲ್ಲಿ ಕಂಡರಿಸಿದ ರೂವಾರಿಗೂ, ತಾಳೆಗರಿಯಲ್ಲಿ ಕಂಟದಿಂದ ಕೊರೆದ ಲಿಪಿಕಾರನಿಗೂ, ಅಚ್ಚುಕೂಟದಲ್ಲಿ ಮೊಳೆಗಳನ್ನು ಜೋಡಿಸಿದ ಕೆಲಸಗಾರನಿಗೂ ಈ ಸಮಸ್ಯೆಯು ದಿನನಿತ್ಯದ್ದಾಗಿತ್ತು. ನಮ್ಮ ಹಳೆಯ ಶಾಸನಗಳನ್ನು ನೋಡಿದವರಿಗೆ ತಿಳಿದಿರುವಂತೆ, ಅವುಗಳಲ್ಲಿ ಪದ ಪದಗಳ ನಡುವೆ ತೆರಪು ಬಿಡುವ ಪದ್ಧತಿಯು ಸಾಮಾನ್ಯವಾಗಿ ಇರಲಿಲ್ಲ. ಕಲ್ಲಿನ ಅಂಚು ಬಂದೊಡನೆ ಪದದ ನಡುವೆಯೇ ಸಾಲು ನಿಂತು, ಮಿಕ್ಕ ಭಾಗವು ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ಆದರೆ ಪದವನ್ನು ಮುರಿಯಲು ಹಿಂಜರಿಯದ ಆ ರೂವಾರಿಯು ಅಕ್ಷರವನ್ನು ಮುರಿಯುವವನಲ್ಲ. ‘ದೇ’ ಎಂಬುದರಲ್ಲಿ ದಕಾರವನ್ನು ಮೇಲಿನ ಸಾಲಿನಲ್ಲಿರಿಸಿ, ಏತ್ವವನ್ನು ಕೆಳಗಿನ ಸಾಲಿಗೆ ನೂಕಬಹುದೆಂಬ ಯೋಚನೆಯೇ ಅವನಿಗೆ ಹೊಳೆಯಲಾರದು. ಅವನ ಕಣ್ಣಿಗೂ ಕೈಗೂ ನಾಲಗೆಗೂ ಅದು ಒಂದೇ ವಸ್ತು.

ರೂವಾರಿಗೆ ಹೊಳೆಯದ ಈ ಯೋಚನೆಯು ಇಂದಿನ ಗಣಕಯಂತ್ರಕ್ಕೆ ಬಲು ಸುಲಭವಾಗಿ ಹೊಳೆಯುತ್ತದೆ. ಕೈಯಲ್ಲಿ ಹಿಡಿಯುವ ದೂರವಾಣಿಯ ಕಿರಿದಾದ ತೆರೆಯ ಮೇಲೆ, ಅಂಗಡಿಯ ರಶೀದಿಯ ಮೇಲೆ, ಯಂತ್ರವು ಮುದ್ರಿಸಿಕೊಡುವ ಪ್ರಮಾಣಪತ್ರದ ಮೇಲೆ ಕನ್ನಡದ ಅಕ್ಷರಗಳು ಅಂಗಹೀನವಾಗಿ ಬೀಳುವುದುಂಟು. ಇದಕ್ಕೆ ಯಂತ್ರವನ್ನು ದೂಷಿಸಿ ಪ್ರಯೋಜನವಿಲ್ಲ. ಯಂತ್ರವು ತನಗೆ ಎಣಿಸಲು ಹೇಳಿದುದನ್ನು ಎಣಿಸುತ್ತದೆ. ದೋಷವಿರುವುದು ಎಣಿಕೆಯಲ್ಲಿ. ಕನ್ನಡದ ಸಾಲನ್ನು ಮುರಿಯುವಾಗ ಲೆಕ್ಕಕ್ಕೆ ಬರಬೇಕಾದದ್ದು ಯಂತ್ರದ ಸಂಕೇತವಲ್ಲ, ನಮ್ಮ ಅಕ್ಷರ. ಮತ್ತು ಈ ಲೆಕ್ಕವನ್ನು ಯಂತ್ರಕ್ಕೆ ಕಲಿಸುವ ಹೊಣೆಯು ಅಕ್ಷರವನ್ನು ಬಲ್ಲ ನಮ್ಮ ಮೇಲೆಯೇ ಇದೆ. ಇದೇ ಈ ಲೇಖನದ ಅಭಿಪ್ರಾಯ.

ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಗಣಕಯಂತ್ರಕ್ಕೆ ಅಕ್ಷರದ ಪರಿಚಯವಿಲ್ಲ. ಅದು ಬಲ್ಲುದು ಸಂಖ್ಯೆಯನ್ನು ಮಾತ್ರ. ಆದುದರಿಂದ ಒಂದೊಂದು ಲಿಪಿಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಬೇಕಾಗುತ್ತದೆ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಆಸ್ಕಿ’ ಎಂಬ ಸಂಕೇತಮಾಲೆಯಲ್ಲಿ ಒಟ್ಟು 128 ಸ್ಥಾನಗಳಿದ್ದವು. ಇಂಗ್ಲಿಷಿಗೆ ಅಷ್ಟು ಸಾಕು, ಜಗತ್ತಿಗೆ ಸಾಲದು. ಎಲ್ಲ ಲಿಪಿಗಳಿಗೂ ಒಂದೇ ಮನೆಯಲ್ಲಿ ಸ್ಥಳ ಕೊಡಬೇಕೆಂಬ ಉದಾತ್ತ ಉದ್ದೇಶದಿಂದ 1991ರಲ್ಲಿ ‘ಯೂನಿಕೋಡ್’ ಪ್ರಕಟವಾಯಿತು. ಇಂದು ಅದರಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಚಿಹ್ನೆಗಳಿವೆ. ನಮ್ಮ ದೇಶದವರೇ ರೂಪಿಸಿದ್ದ ‘ಇಸ್ಕಿ’ ಎಂಬ ಸಂಕೇತಮಾಲೆಯ ಜಾಡನ್ನು ಹಿಡಿದು, ಕನ್ನಡಕ್ಕೂ ಅದರಲ್ಲಿ 128 ಸ್ಥಾನಗಳ ಒಂದು ಕೇರಿಯನ್ನು ಮೊದಲ ಆವೃತ್ತಿಯಲ್ಲಿಯೇ ಕಾದಿರಿಸಲಾಯಿತು.

ಈ ಕೇರಿಯಲ್ಲಿ ವಾಸಿಸುವವರು ಯಾರು? ಸ್ವರಗಳಿವೆ, ವ್ಯಂಜನಗಳಿವೆ, ಅಂಕಿಗಳಿವೆ. ಇವುಗಳ ಜತೆಗೆ ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಓತ್ವ ಮೊದಲಾದ ಗುಣಿತಚಿಹ್ನೆಗಳೂ, ಅನುಸ್ವಾರ ವಿಸರ್ಗಗಳೂ, ವ್ಯಂಜನದ ಅಕಾರವನ್ನು ಕಳೆಯುವ ಹಲಂತಚಿಹ್ನೆಯೂ ಬೇರೆ ಬೇರೆ ಮನೆ ಹೂಡಿವೆ. ಆದರೆ ‘ಕಿ’ ಎಂಬುದಕ್ಕೆ ಪ್ರತ್ಯೇಕ ಮನೆಯಿಲ್ಲ. ಅದು ‘ಕ’ ಮತ್ತು ಗುಡಿಸು ಸೇರಿ ಆಗುವ ಕುಟುಂಬ. ‘ಕ್ಷ’ ಎಂಬುದಕ್ಕೂ ಪ್ರತ್ಯೇಕ ಮನೆಯಿಲ್ಲ. ಅದು ‘ಕ’, ಹಲಂತ, ‘ಷ’ ಎಂಬ ಮೂವರ ಕೂಡುಕುಟುಂಬ. ಹೀಗೆ ಮಾಡಿದುದು ತಪ್ಪೆಂದು ಹೇಳಲಾಗದು. ನಮ್ಮ ವರ್ಣಮಾಲೆಯ 34 ವ್ಯಂಜನಗಳನ್ನು ಎರಡೆರಡಾಗಿ ಕೂಡಿಸಿದರೇ 1156 ಜೋಡಿಗಳಾಗುತ್ತವೆ. ಅವಕ್ಕೆ ಕಾಗುಣಿತವನ್ನು ಹಚ್ಚಿದರೆ ಸಂಖ್ಯೆಯು ಹಲವು ಸಾವಿರಗಳನ್ನು ದಾಟುತ್ತದೆ. ಬಿಡಿಭಾಗಗಳನ್ನು ಕೊಟ್ಟು, ಕೂಡಿಸುವ ಕೆಲಸವನ್ನು ತೆರೆಯ ಮೇಲೆ ಲಿಪಿಯನ್ನು ಮೂಡಿಸುವ ವ್ಯವಸ್ಥೆಗೆ ಬಿಟ್ಟದ್ದು ವಿವೇಕವೇ ಸರಿ. ನಮ್ಮ ಹಿರಿಯರು ಕಾಗುಣಿತವನ್ನು ಕಲಿಸಿದುದೂ ಇದೇ ಕ್ರಮದಲ್ಲಿಯೇ ಅಲ್ಲವೇ?

ಆದರೆ ಕೂಡಿಸುವುದನ್ನು ಬಲ್ಲವನು ಎಲ್ಲಿ ಬಿಡಿಸಬಾರದೆಂಬುದನ್ನೂ ಬಲ್ಲವನಾಗಿರಬೇಕು. ತೊಡಕು ಇರುವುದು ಇಲ್ಲಿ. ತಂತ್ರಾಂಶವನ್ನು ಬರೆಯುವವನು ‘ಸಾಲಿಗೆ ಇಪ್ಪತ್ತು ಅಕ್ಷರ’ ಎಂದು ಗೊತ್ತುಮಾಡಿದಾಗ, ಯಂತ್ರವು ಎಣಿಸುವುದು ಅಕ್ಷರವನ್ನಲ್ಲ, ಮೇಲೆ ಹೇಳಿದ ಬಿಡಿ ಸಂಕೇತಗಳನ್ನು. ಇಂಗ್ಲಿಷಿನಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವನಿಗೆ ಭೇದವು ತೋರುವುದಿಲ್ಲ. ಕನ್ನಡದಲ್ಲಿ ಭೇದವು ಎಷ್ಟೆಂಬುದನ್ನು ಕೆಲವು ಉದಾಹರಣೆಗಳಿಂದ ತಿಳಿಯಬಹುದು. ‘ಕನ್ನಡ’ ಎಂಬ ಪದದಲ್ಲಿ ಅಕ್ಷರ 3, ಸಂಕೇತ 5. ‘ಲಕ್ಷ್ಮಿ’ಯಲ್ಲಿ ಅಕ್ಷರ 2, ಸಂಕೇತ 7. ‘ವಿದ್ಯಾರ್ಥಿ’ಯಲ್ಲಿ ಅಕ್ಷರ 3, ಸಂಕೇತ 10. ‘ಜ್ಯೋತ್ಸ್ನಾ’ ಎಂಬ ಎರಡಕ್ಷರದ ಹೆಸರಿನಲ್ಲಿ ಸಂಕೇತಗಳು ಹತ್ತು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿವೆ. ‘ಕಮಲವದನ’ ಎಂಬ ಆರು ಅಕ್ಷರಗಳಲ್ಲಿಯೂ ಆರೇ. ಯಂತ್ರದ ಲೆಕ್ಕದಲ್ಲಿ ಈ ಎರಡು ಮಾತುಗಳ ಉದ್ದವೂ ಒಂದೇ ಎಂದರೆ, ಅಂತಹ ಲೆಕ್ಕದಿಂದ ಸಾಲನ್ನು ಮುರಿಯುವುದು ಎಷ್ಟು ಅಸಂಗತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನೂ ಒಂದು ಮೆಟ್ಟಲು ಕೆಳಗಿಳಿದು ‘ಬೈಟು’ಗಳನ್ನು ಎಣಿಸುವ ತಂತ್ರಾಂಶಗಳುಂಟು. ಇಂದು ಜಾಲದಲ್ಲೆಲ್ಲ ಬಳಕೆಯಲ್ಲಿರುವ ‘ಯುಟಿಎಫ್-8’ ಎಂಬ ಪದ್ಧತಿಯನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬ ವಿಜ್ಞಾನಿಗಳು ರೂಪಿಸಿದರು. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಆಗ ‘ಜ್ಯೋತ್ಸ್ನಾ’ ಎಂಬ ಎರಡಕ್ಷರಕ್ಕೆ ಮೂವತ್ತು ಬೈಟುಗಳಾದುವು. ಕತ್ತರಿಯು ಮೂರು ಬೈಟುಗಳ ನಡುವೆ ಬಿದ್ದಿತೆಂದರೆ ಚಿಹ್ನೆಯೇ ನಾಶವಾಗಿ, ಅದರ ಸ್ಥಾನದಲ್ಲಿ ಕಪ್ಪು ವಜ್ರಾಕೃತಿಯೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆಯು ಕುಳಿತಿರುತ್ತದೆ.

ಸಂಕೇತಗಳ ನಡುವೆ ಕತ್ತರಿ ಬಿದ್ದರೆ ಆಗುವ ಅನಾಹುತವು ಬೇರೆ ಬಗೆಯದು. ಅದು ಹೆಚ್ಚು ಮೋಸದ್ದು. ‘ಲಕ್ಷ್ಮಿ’ಯನ್ನು ಮೂರನೆಯ ಸಂಕೇತದ ನಂತರ ಮುರಿದರೆ ಮೇಲಿನ ಸಾಲಿನಲ್ಲಿ ‘ಲಕ್’, ಕೆಳಗಿನ ಸಾಲಿನಲ್ಲಿ ‘ಷ್ಮಿ’ ಉಳಿಯುತ್ತವೆ. ‘ವಿದ್ಯಾರ್ಥಿ’ಯನ್ನು ಎಂಟನೆಯದರ ನಂತರ ಮುರಿದರೆ ಅರ್ಕಾವತ್ತು ಮಾಯವಾಗಿ ‘ವಿದ್ಯಾರ್’ ಮತ್ತು ‘ಥಿ’ ಎಂಬ ಎರಡು ವಿಚಿತ್ರ ಪ್ರಾಣಿಗಳು ಹುಟ್ಟುತ್ತವೆ. ‘ಮಂಗಳೂರು’ ಎಂಬುದರ ಸೊನ್ನೆಯು ಆಧಾರವಿಲ್ಲದೆ ಮುಂದಿನ ಸಾಲಿಗೆ ಬಿದ್ದಾಗ, ಅದನ್ನು ಹೊರಲು ಯಂತ್ರವು ಚುಕ್ಕೆಗಳ ಬಳೆಯೊಂದನ್ನು ತಾನಾಗಿಯೇ ತಂದಿಡುತ್ತದೆ. ಇವೆಲ್ಲವೂ ಕಣ್ಣಿಗೆ ಕಾಣುವ ದೋಷಗಳು. ಓದುಗನು ನಕ್ಕು ಸರಿಪಡಿಸಿಕೊಂಡಾನು. ಆದರೆ ‘ಮಹಾದೇವಿ’ ಎಂಬ ಹೆಸರನ್ನು ತೆಗೆದುಕೊಳ್ಳಿರಿ. ಅದರಲ್ಲಿ ನಾಲ್ಕು ಅಕ್ಷರಗಳು, ಏಳು ಸಂಕೇತಗಳು. ಆರನೆಯದರ ನಂತರ ಸಾಲು ಮುರಿದರೆ ಮೇಲೆ ಉಳಿಯುವುದು ‘ಮಹಾದೇವ’. ಕಡೆಯ ಗುಡಿಸು ಮಾತ್ರ ಕೆಳಗೆ. ಸ್ಥಳವಿಲ್ಲವೆಂದು ಆ ಕೆಳಗಿನ ಸಾಲನ್ನು ಕೈಬಿಟ್ಟರಂತೂ ಮಗಳು ಮಗನಾಗಿ ದಾಖಲೆಯಲ್ಲಿ ನೆಲೆಸುತ್ತಾಳೆ. ‘ದೇವಿ’ಯು ‘ದೇವ’ನಾಗುವುದೂ, ‘ಗೋಪಿ’ಯು ‘ಗೋಪ’ನಾಗುವುದೂ ಹೀಗೆಯೇ. ಇಲ್ಲಿ ಯಾವ ವಿಕಾರವೂ ಕಣ್ಣಿಗೆ ಬೀಳದು. ಉಳಿದಿರುವುದು ಶುದ್ಧವಾದ ಕನ್ನಡ ಪದವೇ. ಆದರೆ ಅದು ಬೇರೊಬ್ಬರ ಹೆಸರು.

ಇಲ್ಲಿ ಒಂದು ಸಂದೇಹವು ಹುಟ್ಟಬಹುದು. ಪದಗಳ ನಡುವೆ ತೆರಪು ಇರುವಾಗ, ಅಲ್ಲಿಯೇ ಸಾಲನ್ನು ಮುರಿದರೆ ಸಾಲದೇ? ಅಕ್ಷರವನ್ನು ತುಂಡರಿಸುವ ಪ್ರಸಂಗವಾದರೂ ಏಕೆ ಬರಬೇಕು? ಯೂನಿಕೋಡಿನ ಸಾಲು ಮುರಿಯುವ ನಿಯಮವೂ ಕನ್ನಡದಲ್ಲಿ ಮುಖ್ಯವಾಗಿ ತೆರಪುಗಳಲ್ಲಿಯೇ ಮುರಿಯಲು ಅನುಮತಿ ಕೊಡುತ್ತದೆಂಬುದು ನಿಜ. ಆದರೆ ನಮ್ಮ ಭಾಷೆಯ ಸ್ವಭಾವವನ್ನು ನೆನೆಯಬೇಕು. ಪ್ರತ್ಯಯದ ಮೇಲೆ ಪ್ರತ್ಯಯ ಹತ್ತಿ, ಸಂಧಿಯಿಂದ ಬೆಸೆದುಕೊಂಡು ಬೆಳೆಯುವ ಪದ ನಮ್ಮದು. ‘ಮಾಡಬೇಕಾಗಿರುವುದರಿಂದ’ ಎಂಬ ಒಂದು ಸಾಮಾನ್ಯ ಪದದಲ್ಲಿ ಹತ್ತು ಅಕ್ಷರಗಳೂ ಹದಿನೆಂಟು ಸಂಕೇತಗಳೂ ಇವೆ. ಕಿರಿದಾದ ಅಂಕಣದಲ್ಲಿ ಇಂತಹ ಪದವು ಹಿಡಿಯದಿದ್ದಾಗ, ಒಂದೋ ಸಾಲಿನ ನಡುವೆ ಹಲ್ಲು ಬಿದ್ದಂತೆ ತೆರಪುಗಳಾಗುತ್ತವೆ; ಇಲ್ಲವೇ ಪದವು ಅಂಚನ್ನು ದಾಟಿ ಹೋಗುತ್ತದೆ; ಇಲ್ಲವೇ ಯಂತ್ರವು ಬಲಾತ್ಕಾರದಿಂದ ಅದನ್ನು ಮುರಿಯುತ್ತದೆ. ಇಂದು ಅನೇಕ ವಿದ್ಯಾರ್ಥಿಗಳು ಕಲಿಯುವ ‘ಪೈಥಾನ್’ ಭಾಷೆಯಲ್ಲಿ ‘ಟೆಕ್ಸ್ಟ್‌ರ‍್ಯಾಪ್’ ಎಂಬ ಉಪಕರಣವಿದೆ. ಗೊತ್ತುಪಡಿಸಿದ ಅಗಲಕ್ಕಿಂತ ಪದವು ಉದ್ದವಾದರೆ, ಅದು ಸಂಕೇತಗಳನ್ನು ಎಣಿಸಿ ಅಲ್ಲಿಗೆ ಕತ್ತರಿಸುತ್ತದೆ. ‘ಪಿಎಚ್‌ಪಿ’ ಭಾಷೆಯ ಅಂತಹುದೇ ಉಪಕರಣವು ಬೈಟುಗಳನ್ನೇ ಎಣಿಸುತ್ತದೆ. ಇವುಗಳನ್ನು ಬರೆದವರಿಗೆ ನಮ್ಮ ಮೇಲೆ ದ್ವೇಷವೇನೂ ಇಲ್ಲ. ಅವರ ಕಣ್ಣೆದುರಿಗೆ ನಾವಿರಲಿಲ್ಲ, ಅಷ್ಟೆ.

ಓದುಗನು ಕಂಡ ಅಕ್ಷರಕ್ಕೂ ಯಂತ್ರದ ಸಂಕೇತಕ್ಕೂ ಇರುವ ಈ ಅಂತರವನ್ನು ಯೂನಿಕೋಡಿನವರು ಅರಿಯದವರಲ್ಲ. ಒಟ್ಟಾಗಿಯೇ ಉಳಿಯಬೇಕಾದ ಸಂಕೇತಗಳ ಗುಂಪನ್ನು ಗುರುತಿಸುವ ನಿಯಮಗಳನ್ನು ಅವರು ಪ್ರಕಟಿಸುತ್ತ ಬಂದಿದ್ದಾರೆ. ಆದರೆ ಆ ನಿಯಮಗಳ ಚರಿತ್ರೆಯು ಕನ್ನಡಿಗರು ಗಮನಿಸತಕ್ಕದ್ದಾಗಿದೆ. ದೂರವಾಣಿಯ ಸಂದೇಶಗಳಲ್ಲಿ ಕಳುಹಿಸುವ ಚಿಕ್ಕ ಚಿತ್ರಗಳನ್ನು ಎಲ್ಲರೂ ಕಂಡಿದ್ದೀರಿ. ತಂದೆ, ತಾಯಿ, ಮಗು ಇರುವ ಕುಟುಂಬದ ಚಿತ್ರವು ಯಂತ್ರದೊಳಗೆ ಮೂರು ಚಿತ್ರಗಳು. ಅವುಗಳ ನಡುವೆ ಎರಡು ಅದೃಶ್ಯವಾದ ಕೊಂಡಿಗಳು. ಈ ಕುಟುಂಬವನ್ನು ಅಗಲಿಸಬಾರದೆಂಬ ನಿಯಮವು 2016ರ ಒಂಬತ್ತನೆಯ ಆವೃತ್ತಿಯಲ್ಲಿಯೇ ಸೇರಿತು. ಭಾರತೀಯ ಲಿಪಿಗಳ ಒತ್ತಕ್ಷರವನ್ನು ಒಡೆಯಬಾರದೆಂಬ ಸಾಮಾನ್ಯ ನಿಯಮವು ಸೇರಿದುದು 2023ರ 15.1ನೆಯ ಆವೃತ್ತಿಯಲ್ಲಿ. ಆಗ ಆ ನಿಯಮಕ್ಕೆ ಒಳಪಟ್ಟ ಲಿಪಿಗಳು ಆರು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ.

ಇದರ ಪರಿಣಾಮವನ್ನು ವಿಚಾರಿಸಿರಿ. ಮುಂಬಯಿಯಲ್ಲಿ ನಮ್ಮ ನೆರೆಮನೆಯವರು ಮರಾಠಿಯಲ್ಲಿ ‘ಸ್ತ್ರೀ’ ಎಂದು ಬರೆದರೆ, ಆ ಆವೃತ್ತಿಯ ನಿಯಮದಂತೆ ಅದು ಒಂದು ಘಟಕ. ಅದೇ ಪದವನ್ನು ನಾವು ಕನ್ನಡದಲ್ಲಿ ಬರೆದರೆ ಸ್, ತ್, ರೀ ಎಂದು ಮೂರು ಘಟಕಗಳು. ನಮ್ಮ ಲಿಪಿಯ ಒಡಹುಟ್ಟಾದ ತೆಲುಗಿನಲ್ಲಿ ಅಖಂಡವಾಗಿ ಉಳಿಯುವ ಒತ್ತಕ್ಷರವು ಕನ್ನಡದಲ್ಲಿ ಒಡೆಯುತ್ತದೆ. ಗುಣಿತಚಿಹ್ನೆಯನ್ನು ವ್ಯಂಜನದಿಂದ ಬೇರ್ಪಡಿಸಬಾರದೆಂಬ ರಕ್ಷಣೆಯು ಕನ್ನಡಕ್ಕೂ ಉಂಟು. ಆದುದರಿಂದ ನಿಯಮವನ್ನು ಪಾಲಿಸುವ ತಂತ್ರಾಂಶದಲ್ಲಿ ‘ಮಹಾದೇವಿ’ಯು ಕ್ಷೇಮವಾಗಿರುತ್ತಾಳೆ. ಆದರೆ ‘ಲಕ್ಷ್ಮಿ’ಗೆ ಆ ಕ್ಷೇಮವಿಲ್ಲ. ಪಟ್ಟಿಯಲ್ಲಿ ಕನ್ನಡವಿಲ್ಲದ್ದಕ್ಕೆ ಕಾರಣವೇನಾದರೂ ಇರಲಿ. ಯೂನಿಕೋಡ್ ಸಂಸ್ಥೆಯು ಸಾರ್ವಜನಿಕರ ಸಲಹೆಗಳನ್ನು ಸ್ವೀಕರಿಸುವ ಸಂಸ್ಥೆ. ಇಂತಹ ಪಟ್ಟಿಗಳು ಮೇಲಿನಿಂದ ಇಳಿದು ಬಂದ ಶಾಸನಗಳಲ್ಲ. ತಮ್ಮ ಲಿಪಿಯ ಸಂಗತಿಯನ್ನು ಸಪ್ರಮಾಣವಾಗಿ ಬರೆದು ಮುಂದಿಟ್ಟವರ ಮಾತು ಅಲ್ಲಿ ಕೇಳಿಬರುತ್ತದೆ. ಮೌನವಾಗಿರುವವರ ಮನಸ್ಸನ್ನು ಊಹಿಸುವ ಹೊಣೆ ಯಾರಿಗೂ ಇಲ್ಲ.

‘ಇದೆಲ್ಲ ಅಲ್ಪ ವಿಷಯ, ಓದುವವರು ಹೇಗೋ ಓದಿಕೊಳ್ಳುತ್ತಾರೆ’ ಎಂದು ಹೇಳುವವರೂ ಇದ್ದಾರೆ. ಅವರಿಗೆ ಮೂರು ಮಾತುಗಳನ್ನು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ಮೊದಲನೆಯದು: ಕನ್ನಡವನ್ನು ಚೆನ್ನಾಗಿ ಬಲ್ಲ ಹಿರಿಯನು ಹೇಗೋ ಓದಿಕೊಂಡಾನು, ಈಗತಾನೆ ಒತ್ತಕ್ಷರವನ್ನು ಕಲಿಯುತ್ತಿರುವ ಎಳೆಯ ಮಗುವು ‘ಲಕ್’ ಎಂದು ನಿಂತು ತಡವರಿಸುತ್ತದೆ. ಹೊರನಾಡಿನಲ್ಲಿ, ಬೀದಿಯ ಫಲಕಗಳಲ್ಲಿ ಕನ್ನಡವು ಕಾಣಸಿಗದ ಊರಿನಲ್ಲಿ, ಆ ಮಗುವಿಗೆ ಶಾಲೆಯ ಹೊರಗೆ ದೊರೆಯುವ ಕನ್ನಡವೆಲ್ಲ ಬಹುಮಟ್ಟಿಗೆ ಯಂತ್ರದ ತೆರೆಯ ಮೇಲಿನದೇ. ಎರಡನೆಯದು: ಮುರಿದ ಸ್ಥಳದಲ್ಲಿ ಸಾಲಿನ ಗುರುತನ್ನು ಬರಹದೊಳಗೇ ಸೇರಿಸಿಬಿಟ್ಟರೆ, ಮುಂದೆ ಆ ಪದವನ್ನು ಹುಡುಕಿದರೆ ಸಿಕ್ಕುವುದಿಲ್ಲ, ಕಣ್ಣಿಲ್ಲದವರಿಗಾಗಿ ಬರಹವನ್ನು ಓದಿ ಹೇಳುವ ಯಂತ್ರವೂ ಅದನ್ನು ಸರಿಯಾಗಿ ಉಚ್ಚರಿಸಲಾರದು. ಮೂರನೆಯದು: ಹೆಸರು ಎಂಬುದು ಅಲ್ಪವಲ್ಲ. ಹೆಸರಿನ ಒಂದಕ್ಷರ ವ್ಯತ್ಯಾಸವಾದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದ ಕಷ್ಟವನ್ನು ನಮ್ಮ ತಾಯಿತಂದೆಯರು ಚೆನ್ನಾಗಿ ಬಲ್ಲರು.

ಹಾಗಾದರೆ ಪರಿಹಾರವೇನು? ಅದು ದುಸ್ಸಾಧ್ಯವೇನೂ ಅಲ್ಲ. ಒಂದನೆಯದಾಗಿ, ಯಾವ ಗುಣಿತಚಿಹ್ನೆಯ, ಅನುಸ್ವಾರದ, ವಿಸರ್ಗದ, ಹಲಂತದ ಹಿಂದೆಯೂ ಸಾಲನ್ನು ಮುರಿಯಕೂಡದು. ಹಲಂತದ ಮುಂದೆ ವ್ಯಂಜನವಿದ್ದು ಒತ್ತಕ್ಷರವಾಗುವುದಾದರೆ ಅಲ್ಲಿಯೂ ಕೂಡದು. ಯೂನಿಕೋಡಿನ ಸಾಮಾನ್ಯ ನಿಯಮಗಳನ್ನು ಆಯಾ ಭಾಷೆಗೆ ತಕ್ಕಂತೆ ತಿದ್ದಿಕೊಳ್ಳಲು ಆ ನಿಯಮಗಳೇ ಅವಕಾಶ ಕೊಟ್ಟಿರುವುದರಿಂದ, ಪಟ್ಟಿಯು ಬದಲಾಗಲೆಂದು ಕಾಯಬೇಕಾಗಿಲ್ಲ; ಇಂದೇ ಮಾಡಬಹುದು. ಎರಡನೆಯದಾಗಿ, ಕಣ್ಣಿಗೆ ಕಾಣದ ಚಿಹ್ನೆಗಳನ್ನು ಮರೆಯಬಾರದು. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರವು ಒತ್ತಾಗದಂತೆ ತಡೆಯಲು ಒಂದು ಅದೃಶ್ಯ ಚಿಹ್ನೆಯಿದೆ. ಅದಕ್ಕೆ ಅಗಲವಿಲ್ಲ, ಆದರೆ ಎಣಿಕೆಯಲ್ಲಿ ಅದೂ ಒಂದು. ಮೂರನೆಯದಾಗಿ, ಒಂದೇ ಅಕ್ಷರವನ್ನು ಎರಡು ಬಗೆಯಾಗಿ ಬರೆದಿಡಲು ಸಾಧ್ಯವೆಂಬುದನ್ನು ನೆನೆಯಬೇಕು: ‘ಕೋ’ ಎಂಬುದು ಒಂದು ಕ್ರಮದಲ್ಲಿ ಎರಡು ಸಂಕೇತಗಳಾದರೆ, ಬಿಡಿಸಿಟ್ಟ ಕ್ರಮದಲ್ಲಿ ನಾಲ್ಕಾಗುತ್ತದೆ. ಕಣ್ಣಿಗೆ ಎರಡೂ ಒಂದೇ. ಸಂಕೇತಗಳನ್ನು ಎಣಿಸುವವನಿಗೆ ಇಲ್ಲಿಯೂ ಸೋಲು ಕಾದಿದೆ. ನಾಲ್ಕನೆಯದಾಗಿ, ಸಾಲು ಹಿಡಿಯುವುದೋ ಇಲ್ಲವೋ ಎಂಬುದನ್ನು ಸಂಖ್ಯೆಯಿಂದ ನಿರ್ಣಯಿಸದೆ, ತೆರೆಯ ಮೇಲೆ ಮೂಡುವ ಲಿಪಿಯ ನಿಜವಾದ ಅಗಲವನ್ನು ಅಳೆದು ನಿರ್ಣಯಿಸಬೇಕು. ಒತ್ತುಗಳು ಬಹುಮಟ್ಟಿಗೆ ಅಕ್ಷರದ ಕೆಳಗೆ ಕೂರುವುದರಿಂದ ಅವು ತೆಗೆದುಕೊಳ್ಳುವ ಅಗಲ ಅತ್ಯಲ್ಪ. ಡೊನಾಲ್ಡ್ ಕ್ನೂತ್ ಅವರ ‘ಟೆಕ್’ ಎಂಬ ಮುದ್ರಣವ್ಯವಸ್ಥೆಯು ಸಾಲುಗಳನ್ನು ಅಂದವಾಗಿ ಮುರಿಯುವುದರಲ್ಲಿ ಪ್ರಸಿದ್ಧವಾದುದು. ಅದಕ್ಕೆ ಕನ್ನಡ ಪದಗಳನ್ನು ಯೋಗ್ಯ ಸ್ಥಳದಲ್ಲಿ ಬಿಡಿಸುವ ಮಾದರಿಗಳೂ ಈಗಾಗಲೇ ಸಿದ್ಧವಾಗಿವೆ. ಉಪಾಯವು ಉಂಟು, ಉಪಯೋಗಿಸುವವರು ಬೇಕು.

ಉಪಯೋಗಿಸುವವರು ಯಾರೆಂಬುದೇ ಕಡೆಯ ಪ್ರಶ್ನೆ. ಕನ್ನಡ ಮಾಧ್ಯಮದಲ್ಲಿ ಕಲಿತವನಿಗೆ ಮಹಾನಗರದಲ್ಲಿ ಭವಿಷ್ಯವಿಲ್ಲವೆಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುತ್ತಿರುತ್ತಾರೆ. ಗಣಕವಿದ್ಯೆಗೂ ಕನ್ನಡ ವ್ಯಾಕರಣಕ್ಕೂ ಏನು ಸಂಬಂಧವೆಂದು ಪ್ರಶ್ನಿಸುವವರಿಗೆ ಮೇಲಿನ ವಿವೇಚನೆಯೇ ಉತ್ತರ. ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಿ, ಲಘು ಗುರುಗಳನ್ನು ಗುರುತಿಸಿದ ಹುಡುಗಿಯು ‘ಸ್ತ್ರೀ’ ಎಂಬುದರ ಮೇಲೆ ಒಂದೇ ಗುರುವಿನ ಚಿಹ್ನೆಯನ್ನು ಹಾಕುತ್ತಾಳೆ. ಅದರ ಮೇಲೆ ಮೂರು ಚಿಹ್ನೆಗಳನ್ನು ಎಂದೂ ಹಾಕಲಾರಳು. ನಾಗವರ್ಮನು ‘ಛಂದೋಂಬುಧಿ’ಯನ್ನು ಬರೆದ ಹತ್ತನೆಯ ಶತಮಾನದಿಂದಲೂ ಕನ್ನಡಿಗರಿಗೆ ಅಕ್ಷರವನ್ನು ಎಣಿಸುವ ಶಾಸ್ತ್ರವು ತಿಳಿದಿದೆ. ಜಗತ್ತಿನ ದೊಡ್ಡ ದೊಡ್ಡ ತಂತ್ರಾಂಶಗಳು ಇನ್ನೂ ಕಲಿಯುತ್ತಿರುವ ಪಾಠವನ್ನು ನಮ್ಮ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಬಲ್ಲರು. ಅದನ್ನು ಯಂತ್ರದ ಭಾಷೆಯಲ್ಲಿ ಹೇಳಲು ಕಲಿತರೆ ಸಾಕು.

ಆದುದರಿಂದ, ವಿದ್ಯಾರ್ಥಿಮಿತ್ರರೇ, ಗಣಕವಿದ್ಯೆಯನ್ನು ಕಲಿಯುವಾಗ ವರ್ಣಮಾಲೆಯನ್ನು ಮನೆಯಲ್ಲಿಟ್ಟು ಹೋಗಬೇಡಿರಿ. ನೀವು ಬರೆಯುವ ಮೊದಲ ತಂತ್ರಾಂಶದಲ್ಲಿ ನಿಮ್ಮ ಹೆಸರನ್ನು ಕನ್ನಡದಲ್ಲಿ ಹಾಕಿ ಸಾಲನ್ನು ಕಿರಿದುಮಾಡಿ ನೋಡಿರಿ. ‘ಲಕ್ಷ್ಮಿ’ಯನ್ನೂ ‘ಜ್ಯೋತ್ಸ್ನಾ’ಳನ್ನೂ ‘ಮಹಾದೇವಿ’ಯನ್ನೂ ಅದರ ಮೂಲಕ ಹಾಯಿಸಿರಿ. ಒಡೆದರೆ ತಿದ್ದಿರಿ. ಬೇರೆಯವರ ತಂತ್ರಾಂಶದಲ್ಲಿ ಒಡೆದುದನ್ನು ಕಂಡರೆ ಸುಮ್ಮನೆ ನಕ್ಕು ಬಿಡದೆ, ಯಾವ ಪದ, ಎಲ್ಲಿ ಒಡೆಯಿತು, ಹೇಗಿರಬೇಕಿತ್ತು ಎಂಬುದನ್ನು ಸ್ಪಷ್ಟವಾಗಿ ಬರೆದು ತಿಳಿಸಿರಿ. ಹಗಲೆಲ್ಲ ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡ ಕಲಿತ ಹಿರಿಯರು ಈ ನಗರದಲ್ಲಿ ನಮ್ಮ ಭಾಷೆಗೆ ಒಂದು ನೆಲೆಯನ್ನು ಗಳಿಸಿಕೊಟ್ಟರು. ಯಂತ್ರದ ತೆರೆಯ ಮೇಲೆ ಅದಕ್ಕೆ ನೆಲೆಯನ್ನು ಗಳಿಸುವುದು ಈ ತಲೆಮಾರಿನ ಕೆಲಸ. ‘ಅಕ್ಷರ’ ಎಂದರೆ ನಾಶವಿಲ್ಲದುದು ಎಂದು ನಮ್ಮವರು ಅರ್ಥ ಹೇಳಿದರು. ಆ ಅರ್ಥವು ತಾನಾಗಿಯೇ ಉಳಿಯುವುದಿಲ್ಲ. ಎಣಿಸುವವರು ಸರಿಯಾಗಿ ಎಣಿಸಿದರೆ ಮಾತ್ರ ಉಳಿಯುತ್ತದೆ.